ಸೀತಾಫಲದ ಹೂದುಂಬಿ: ಉಣ್ಣುವ ಮನೆ ಒಂದು, ಹೆರುವ ಮನೆ ಇನ್ನೊಂದು

(ಪುಣೆಯ ಕನ್ನಡ ಕೇಳುಗರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇವೆ.)

ಎಲ್ಲರಿಗೂ ನಮಸ್ಕಾರ.

ಪುಣೆಯಿಂದ ದಿವೆ ಘಾಟ್ ಹತ್ತಿ ಸಾಸವಡದ ಕಡೆ ಇಳಿದರೆ ಪುರಂದರ ತಾಲ್ಲೂಕಿನ ಎರಡು ಹೆಸರಾಂತ ಹಣ್ಣುಗಳ ತೋಟಗಳು ಕಾಣತೊಡಗುತ್ತವೆ: ಸೀತಾಫಲ ಮತ್ತು ಅಂಜೂರ. ಇವತ್ತಿನ ಮಾತು ಈ ಎರಡು ತೋಟಗಳ ನಡುವೆ ಓಡಾಡಿಕೊಂಡಿರುವ, ಎಳ್ಳುಕಾಳಿನಷ್ಟೇ ಇರುವ ಒಂದು ದುಂಬಿಯ ಬಗ್ಗೆ. ಸೀತಾಫಲದ ತೋಟದಲ್ಲಿ ಅದು ಕೂಲಿ ಕೇಳದ ಆಳು. ಬೇಲಿ ದಾಟಿ ಅಂಜೂರದ ತೋಟಕ್ಕೆ ಹೋದರೆ ಅದೇ ಕಳ್ಳ.

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ನಮ್ಮ ಕಾವ್ಯಗಳ ದುಂಬಿ ಎಂದರೆ ಹೂವಿನ ಸುತ್ತ ಗುಂಯ್‌ಗುಡುವ, ಜೇನಿನ ಬಳಗದ ಕರಿಹುಳ. ಕೃಷಿ ಪುಸ್ತಕಗಳ ದುಂಬಿ ಎಂದರೆ ಗಟ್ಟಿ ಮೇಲ್ರೆಕ್ಕೆಯ ಹುಳ, ತೆಂಗಿನ ಸುಳಿ ಕೊರೆಯುತ್ತದಲ್ಲ, ಆ ಬಳಗ. ನಾವು ಹೇಳುತ್ತಿರುವುದು ಎರಡನೆಯದನ್ನು. ಇಲ್ಲಿನ ಮರಾಠಿ ರೈತರು ಅದನ್ನು ‘ಭುಂಗೇರಾ’ ಎನ್ನುತ್ತಾರೆ. ಸಂಪಿಗೆಯ ಹತ್ತಿರ ದುಂಬಿ ಸುಳಿಯದು ಎಂಬ ಹಳೆಯ ಕವಿಸಮಯ ನಿಮಗೆ ಗೊತ್ತೇ ಇದೆ. ತಮಾಷೆಯೆಂದರೆ, ಸಂಪಿಗೆಯ ಕುಲದ ಗಿಡಗಳು ಪರಾಗಸ್ಪರ್ಶಕ್ಕೆ ಹೆಚ್ಚಾಗಿ ನೆಚ್ಚಿಕೊಂಡಿರುವುದು ಗಟ್ಟಿರೆಕ್ಕೆಯ ದುಂಬಿಗಳನ್ನೇ. ಪದಕ್ಕೆ ಎರಡು ಅರ್ಥ ಇಟ್ಟುಕೊಂಡರೆ ಕವಿಯೂ ಸರಿ, ಕೀಟಶಾಸ್ತ್ರಜ್ಞನೂ ಸರಿ.

ನಮ್ಮ ದುಂಬಿ ನಿಟಿಡ್ಯುಲಿಡೇ ಎಂಬ ಕುಟುಂಬಕ್ಕೆ ಸೇರಿದ್ದು. ಹುಳಿತ ಹಣ್ಣಿನ ರಸ, ಮರದಿಂದ ಒಸರುವ ರಸ ಇವಕ್ಕೆ ಪ್ರಿಯ. ಹಾಗಾಗಿ ಈ ಮಾತಿನುದ್ದಕ್ಕೂ ‘ರಸದುಂಬಿ’ ಎಂದು ಕರೆಯುತ್ತೇವೆ. ಉದ್ದ ಎರಡರಿಂದ ನಾಲ್ಕು ಮಿಲಿಮೀಟರ್. ಮೈ ಚಪ್ಪಟೆ. ಗುರುತು ಹಿಡಿಯಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಲೆನ್ಸ್ ಸಾಕು. ಕುಡಿಮೀಸೆಯ ತುದಿಯ ಮೂರು ಗೆಣ್ಣುಗಳು ಸೇರಿ ಗದೆಯಂತೆ ಉಂಡೆಯಾಗಿರುತ್ತವೆ; ಮೇಲ್ರೆಕ್ಕೆ ಗಿಡ್ಡವಾಗಿ, ಹೊಟ್ಟೆಯ ತುದಿ ಹೊರಗೆ ಇಣುಕುತ್ತಿರುತ್ತದೆ. ಅದೇ ಹೂವಿನಲ್ಲಿ ಸಿಗುವ ಇನ್ನೊಂದು ಗಿಡ್ಡರೆಕ್ಕೆಯ ಹುಳವಿದೆ. ಅದರ ಮೈ ನೀಳ, ಬಾಲವನ್ನು ಚೇಳಿನಂತೆ ಎತ್ತುತ್ತದೆ, ಮೀಸೆಯಲ್ಲಿ ಗದೆಯಿಲ್ಲ. ಅದು ಬೇರೆ ಕುಟುಂಬ. ಎಣಿಸುವಾಗ ಇವೆರಡನ್ನೂ ಒಂದೇ ಡಬ್ಬಿಗೆ ಹಾಕುವುದು ಹೊಸಬರ ಮೊದಲ ತಪ್ಪು.

ಸೀತಾಫಲದ ಬಳಗದ ಹೂಗಳಿಗೆ ಬರುತ್ತವೆಂದು ಇಸ್ರೇಲ್, ಫ್ಲಾರಿಡಾ, ಆಸ್ಟ್ರೇಲಿಯಾದ ತೋಟಗಳಲ್ಲಿ ದಾಖಲಾಗಿರುವ ರಸದುಂಬಿಗಳು ಮುಖ್ಯವಾಗಿ ಎರಡು ಗುಂಪಿನವು. ಒಂದು ಕಾರ್ಪೊಫಿಲಸ್. ಅದರಲ್ಲಿ ಹೆಸರುವಾಸಿಯಾದದ್ದು ಕಾರ್ಪೊಫಿಲಸ್ ಹೆಮಿಪ್ಟೆರಸ್. 1758ರಲ್ಲಿ ಲಿನೇಯಸ್ ಹೆಸರಿಟ್ಟ ಹುಳ. ಕಂದುಗಪ್ಪು ಮೈ, ಮೇಲ್ರೆಕ್ಕೆಯ ಹೆಗಲಲ್ಲೊಂದು ಸಣ್ಣ, ತುದಿಯಲ್ಲೊಂದು ದೊಡ್ಡ ಹಳದಿ ಮಚ್ಚೆ. ಜೊತೆಗೆ ಮಂಕು ಕಂದುಬಣ್ಣದ ಡಿಮಿಡಿಯೇಟಸ್, ಮ್ಯುಟಿಲೇಟಸ್ ಮೊದಲಾದವು. ಇನ್ನೊಂದು ಗುಂಪು ಎಪ್ಯುರಿಯಾ. ಹಳೆಯ ಬರಹಗಳಲ್ಲಿ ಹ್ಯಾಪ್ಟೋಂಕಸ್ ಎಂದಿರುತ್ತದೆ. ಎಪ್ಯುರಿಯಾ ಲೂಟಿಯೋಲಾ ಜೇನುಬಣ್ಣದ, ಎರಡು ಮಿಲಿಮೀಟರ್ ಆಸುಪಾಸಿನ ಪುಟ್ಟ ಹುಳ.

ಹೂವು ಹೇಗೆ ಕೆಲಸ ಮಾಡುತ್ತದೆ

ಹೂವನ್ನು ತಿಳಿಯದೆ ದುಂಬಿ ಅರ್ಥವಾಗುವುದಿಲ್ಲ. ಸೀತಾಫಲದ ಹೂವಿಗೆ ಮೂರು ದಪ್ಪ, ತಿರುಳುಳ್ಳ ಹಸಿರುಹಳದಿ ಎಸಳು. ಎರಡು, ಎರಡೂವರೆ ಸೆಂಟಿಮೀಟರ್ ಉದ್ದ. ಒಳಗೆ ಪುಟ್ಟ ದಿಬ್ಬ. ದಿಬ್ಬದ ನೆತ್ತಿಯಲ್ಲಿ ಹೆಣ್ಣುಭಾಗಗಳು, ಬುಡದ ಸುತ್ತ ಒತ್ತೊತ್ತಾಗಿ ಕೇಸರಗಳು. ಗಂಡು ಹೆಣ್ಣು ಒಂದೇ ಹೂವಿನಲ್ಲಿದ್ದರೂ ಕಾಲ ಬೇರೆ. ಮೊದಲು ಹೆಣ್ಣಿನ ಸರದಿ: ಎಸಳುಗಳ ತುದಿ ಕೊಂಚವೇ ಬಿರಿದಿರುತ್ತದೆ, ಒಳಗಿನ ದಿಬ್ಬ ಅಂಟುರಸದಿಂದ ಮಿನುಗುತ್ತಿರುತ್ತದೆ. ಆಮೇಲೆ ಆ ರಸ ಒಣಗುತ್ತದೆ, ಎಸಳು ಅಗಲವಾಗಿ ತೆರೆಯುತ್ತವೆ, ಕೇಸರ ಒಡೆದು ಪರಾಗ ಉದುರುತ್ತದೆ. ಅದು ಗಂಡಿನ ಸರದಿ. ಅಂದರೆ ತನ್ನ ಪರಾಗ ತನಗೇ ಸಿಗುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ಇದರ ಮೇಲೆ ಒಂದೇ ಗಿಡದ ಬಹುಪಾಲು ಹೂಗಳು ಒಂದೇ ಸರದಿಯಲ್ಲಿರುವುದೂ ಉಂಟು. ಮನೆಯಂಗಳದ ಒಂಟಿ ಗಿಡ ಹೂ ತುಂಬಿಕೊಂಡು ಕಾಯಿ ಬಿಡದಿರುವುದಕ್ಕೆ ಇದೊಂದು ಕಾರಣ.

ಜೇನುನೊಣಕ್ಕೆ ಈ ಹೂವಿನಲ್ಲಿ ಮಧುವಿಲ್ಲ. ಹೆಣ್ಣಿನ ಸರದಿಯ ಕಿರಿದಾದ ಕಂಡಿಯೊಳಗೆ ತೂರಲೂ ಆಗುವುದಿಲ್ಲ. ಗಾಳಿಗೆ ಈ ಪರಾಗ ಹಾರುವುದೂ ಅಪರೂಪ, ಕಣಗಳು ನಾಲ್ಕು ನಾಲ್ಕು ಅಂಟಿಕೊಂಡೇ ಉದುರುತ್ತವೆ. ಉಳಿದದ್ದು ಚಪ್ಪಟೆ ಮೈಯ ರಸದುಂಬಿ. ಅದನ್ನು ಹೂವು ಕರೆಯುವ ರೀತಿ ಕೇಳಿ: ಮಾಗಿ ಹುಳಿತ ಹಣ್ಣಿನ ವಾಸನೆ ಬೀರುತ್ತದೆ. ದುಂಬಿ ಹಣ್ಣೆಂದು ಬರುತ್ತದೆ. ಒಳಗೆ ಬೆಚ್ಚಗಿದೆ, ತೇವವಿದೆ, ಎಸಳಿನ ಒಳತಿರುಳನ್ನು ಕೆರೆದು ತಿನ್ನಬಹುದು, ನೆರಳಿದೆ, ಅಲ್ಲೇ ಉಳಿದುಬಿಡುತ್ತದೆ. ಗಂಡಿನ ಸರದಿ ಬಂದು ಮನೆ ತೆರೆದಾಗ ಮೈತುಂಬ ಪರಾಗ ಮೆತ್ತಿಕೊಂಡು ಹೊರಬಿದ್ದು, ಇನ್ನೊಂದು ಹೂವಿನ ಕಂಡಿ ಹುಡುಕುತ್ತದೆ.

ಒಂದು ದುಂಬಿ ಬಂದರೆ ಸಾಲದು. ದಿಬ್ಬದ ಮೇಲಿನ ಒಂದೊಂದು ಹೆಣ್ಣುಭಾಗವೂ ಬೇರೆ ಬೇರೆಯಾಗಿ ಫಲಿಸಬೇಕು. ಒಂದು ಫಲಿಸಿದರೆ ಒಂದು ತೊಳೆ, ಒಂದು ಬೀಜ, ಹೊರಗೆ ಒಂದು ಕಣ್ಣು. ಹಣ್ಣಿನ ಒಂದು ಮಗ್ಗುಲು ಚಪ್ಪಟೆಯಾಗಿ ಕುಸಿದಿದ್ದರೆ ಆ ಮಗ್ಗುಲಿಗೆ ಪರಾಗ ಮುಟ್ಟಿಲ್ಲವೆಂದು ತಿಳಿಯಿರಿ. ಗೊಬ್ಬರದ ಕೊರತೆಯೆಂದು ಚೀಲಗಟ್ಟಲೆ ಸುರಿಯುವವರನ್ನು ನೋಡುತ್ತೇವೆ, ಅದು ದುಡ್ಡು ದಂಡ. ಹೂವೊಂದಕ್ಕೆ ಮೂರು ನಾಲ್ಕು ದುಂಬಿ ಸೇರಿದರೆ ಕಾಯಿ ಕಟ್ಟುವುದು ಎದ್ದು ಕಾಣುವಂತೆ ಏರುತ್ತದೆ ಎಂಬುದು ಫ್ಲಾರಿಡಾದ ತೋಟಗಳಲ್ಲಿ ಕಂಡುಬಂದ ಸಂಗತಿ.

ಆಸರೆ ಗಿಡಗಳ ಪಟ್ಟಿಯನ್ನು ಓದುವ ಬಗೆ

ಯಾವುದೇ ಕೀಟದ ಪುಸ್ತಕ ತೆಗೆದರೂ ರಸದುಂಬಿಯ ಮುಂದೆ ಆಸರೆ ಗಿಡಗಳ ಉದ್ದನೆಯ ಪಟ್ಟಿ ಇರುತ್ತದೆ: ಸೀತಾಫಲ, ಅಂಜೂರ, ಖರ್ಜೂರ, ಅನಾನಸ್, ಪೇರಲ, ಬಾಳೆ, ಮಾವು, ಮೆಕ್ಕೆಜೋಳ, ಕೊಬ್ಬರಿ. ಹಾಗೆಯೇ ಓದಿದರೆ ಈ ಪಟ್ಟಿ ದಾರಿ ತಪ್ಪಿಸುತ್ತದೆ. ಹೂವಿನಲ್ಲಿ ಸಿಕ್ಕ ದುಂಬಿಯನ್ನೂ ಹಣ್ಣಿನೊಳಗೆ ಬೆಳೆದ ಮರಿಯನ್ನೂ ಒಂದೇ ಸಾಲಿನಲ್ಲಿ ಬರೆದ ಪಟ್ಟಿ ಅದು. ನಮ್ಮ ಇಡೀ ಮಾತಿನ ತಿರುಳು ಇಲ್ಲಿದೆ: ಪಟ್ಟಿಯನ್ನು ಎರಡು ಅಂಕಣಗಳಾಗಿ ಸೀಳಬೇಕು. ದುಂಬಿ ಉಣ್ಣಲು ಬರುವ ಗಿಡ ಒಂದು ಕಡೆ, ಮೊಟ್ಟೆಯಿಟ್ಟು ಮರಿ ಬೆಳೆಸುವ ಗಿಡ ಇನ್ನೊಂದು ಕಡೆ.

ಸೀತಾಫಲದ ಹೂವಿನಲ್ಲಿ ಇವು ಸಂಸಾರ ಹೂಡುವುದಿಲ್ಲ. ಎರಡು ದಿನಕ್ಕೆ ಬಾಡಿ ಬೀಳುವ ಹೂವಿನಲ್ಲಿ ಮರಿ ಬೆಳೆಯಲು ಹೊತ್ತೆಲ್ಲಿ? ಸಂಸಾರವೇನಿದ್ದರೂ ನೆಲಕ್ಕೆ ಬಿದ್ದು ಕೊಳೆತು ಹುಳಿಯುವ ಹಣ್ಣಿನಲ್ಲಿ. ಹೆಮಿಪ್ಟೆರಸ್‌ನ ಹೆಣ್ಣು ತನ್ನ ಬಾಳಿನಲ್ಲಿ ಸಾವಿರದಷ್ಟು ಮೊಟ್ಟೆ ಇಡಬಲ್ಲದು. ಒಂದರಿಂದ ನಾಲ್ಕು ದಿನಕ್ಕೆ ಮೊಟ್ಟೆ ಒಡೆಯುತ್ತದೆ, ಬಿಳಿ ಮರಿಹುಳು ಹಣ್ಣಿನ ತಿರುಳಲ್ಲಿ ಒಂದೆರಡು ವಾರ ಬೆಳೆಯುತ್ತದೆ, ಆಮೇಲೆ ಮಣ್ಣಿಗಿಳಿದು ಕೋಶವಾಗುತ್ತದೆ. 32 ಡಿಗ್ರಿಯ ಬಿಸಿಯಲ್ಲಿ ಮೊಟ್ಟೆಯಿಂದ ದುಂಬಿಯಾಗಲು ಹೆಚ್ಚುಕಡಿಮೆ ಹನ್ನೆರಡು ದಿನ ಸಾಕು, ತಂಪಿದ್ದಷ್ಟೂ ಎಳೆಯುತ್ತದೆ. ‘ಮಣ್ಣಿಗಿಳಿದು’ ಎಂಬ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಪುರಂದರದ ಪಂಚಾಂಗವನ್ನು ಈ ಎರಡು ಅಂಕಣಗಳ ಪಕ್ಕದಲ್ಲಿಟ್ಟು ನೋಡಿ. ಮಳೆಯನ್ನೇ ನೆಚ್ಚಿದ ಗುಡ್ಡದ ಸೀತಾಫಲ ಮಾರ್ಚ್ ಏಪ್ರಿಲ್‌ನಿಂದ ಹೂ ಬಿಡತೊಡಗಿ ಜುಲೈ ಆಗಸ್ಟ್‌ವರೆಗೂ ಬಿಡುತ್ತಲೇ ಇರುತ್ತದೆ. ಬಿಸಿಲಿನ ಹೂಗಳಲ್ಲಿ ಬಹುಪಾಲು ಉದುರುತ್ತವೆ. ಮೊದಲ ಮಳೆ ಬಿದ್ದ ಮೇಲಿನ ಹೂಗಳಲ್ಲಿ ಕಾಯಿ ಕಟ್ಟುವುದು ಜಾಸ್ತಿ. ಒಣಗಾಳಿಗೆ ಹೆಣ್ಣುಭಾಗದ ಅಂಟುರಸ ಬೇಗ ಆರಿಹೋಗುತ್ತದೆ ಎಂದು ಇದಕ್ಕೆ ಕಾರಣ ಹೇಳುತ್ತಾರೆ, ಸರಿಯೇ. ನಮ್ಮ ಅನಿಸಿಕೆಯಲ್ಲಿ ಇನ್ನೊಂದು ಕಾರಣವೂ ಅಷ್ಟೇ ಬಲವಾದದ್ದು: ಏಪ್ರಿಲ್‌ನಲ್ಲಿ ಒಣಗುಡ್ಡದ ಮೇಲೆ ಉಣ್ಣುವ ಮನೆಯ ಬಾಗಿಲು ತೆರೆದಿರುತ್ತದೆ, ಹೆರುವ ಮನೆಗಳು ಮುಚ್ಚಿರುತ್ತವೆ. ಬಿದ್ದ ಹಣ್ಣು ಕೊಳೆಯುವುದಿಲ್ಲ, ಒಣಗುತ್ತದೆ. ಒಣಗಿದ್ದರಲ್ಲಿ ಮರಿ ಬದುಕದು. ಜೂನ್ ಬಂದರೆ ನೇರಳೆ, ಮಾವು, ಪೇರಲ ಎಲ್ಲ ಬಿದ್ದು ಹುಳಿಯುತ್ತವೆ, ಮಣ್ಣೂ ಮೆತ್ತಗಾಗುತ್ತದೆ.

ನೀರಿನ ಅನುಕೂಲವಿದ್ದವರು ಹೂವಿನ ಕಾಲವನ್ನೇ ಹಿಂದಕ್ಕೆ ಎಳೆಯುತ್ತಾರೆ. ನೀರು ನಿಲ್ಲಿಸಿ, ಕೊಂಬೆ ಸವರಿ, ಜನವರಿ ಫೆಬ್ರವರಿಯಲ್ಲಿ ನೀರು ಬಿಟ್ಟು ಬಹಾರ್, ಅಂದರೆ ಹೂಹಣ್ಣಿನ ಹಂಗಾಮು, ಹಿಡಿದರೆ ಜೂನ್ ಜುಲೈಗೆ ಹಣ್ಣು, ಒಳ್ಳೆಯ ದರ. ಇಂಥ ತೋಟಗಳಲ್ಲಿ ದುಂಬಿಯ ಕೊರತೆ ಇನ್ನೂ ಹೆಚ್ಚು ಕಾಡಬೇಕಿತ್ತು. ಆದರೆ ಇಲ್ಲೊಂದು ಸೊಗಸಾದ ಕಾಕತಾಳೀಯವಿದೆ. ಅಂಜೂರದ ಮೀಠಾ ಬಹಾರ್, ಅಂದರೆ ಸಿಹಿ ಹಂಗಾಮು, ಬೇಸಿಗೆಯಲ್ಲೇ ಬರುತ್ತದೆ. ಉದುರಿದ, ಒಡೆದ, ಮಾರಾಟಕ್ಕೆ ಬಾರದ ಅಂಜೂರ ನೀರುಣಿಸಿದ ತೋಟದ ನೆರಳಲ್ಲಿ ಬಿದ್ದಿರುತ್ತದೆ. ಬೇಸಿಗೆಯಲ್ಲಿ ರಸದುಂಬಿಗೆ ಅದಕ್ಕಿಂತ ಒಳ್ಳೆಯ ಹೆರಿಗೆಮನೆ ಈ ಸೀಮೆಯಲ್ಲಿ ಸಿಗುವುದು ಕಷ್ಟ. ಅಂಜೂರದ ಬೇಲಿಗೆ ಹತ್ತಿರದ ಸೀತಾಫಲದ ಸಾಲುಗಳನ್ನೂ ದೂರದ ಸಾಲುಗಳನ್ನೂ ಹೋಲಿಸಿ ಎಣಿಸುವುದು ಇಲ್ಲಿನ ವಿದ್ಯಾರ್ಥಿಗಳಿಗೆ ಒಳ್ಳೆಯ ಕೆಲಸವಾದೀತು.

ಅಂಜೂರದವರ ಗೋಳೂ ನಿಜವೇ. ಅಂಜೂರದ ತುದಿಯಲ್ಲಿರುವ ಸಣ್ಣ ಕಣ್ಣಿನ ಮೂಲಕ ರಸದುಂಬಿ ಒಳನುಗ್ಗುತ್ತದೆ. ಮೈಮೇಲೆ ಹೊತ್ತ ಯೀಸ್ಟು, ಬ್ಯಾಕ್ಟೀರಿಯಾಗಳನ್ನು ಒಳಗೆ ಬಿತ್ತುತ್ತದೆ. ಹಣ್ಣು ಮರದಲ್ಲೇ ಹುಳಿಯುತ್ತದೆ, ಕಣ್ಣಿನಿಂದ ಗುಲಾಬಿ ಬಣ್ಣದ ರಸ ತೊಟ್ಟಿಕ್ಕುತ್ತದೆ. ಕ್ಯಾಲಿಫೋರ್ನಿಯಾದ ಅಂಜೂರದ ತೋಟಗಳಲ್ಲಿ ಇದು ಹಳೆಯ ಕಾಟ. ಮಾಗಿದ ಹಣ್ಣನ್ನು ಮರದಲ್ಲಿ ಒಂದು ದಿನವೂ ಹೆಚ್ಚು ಬಿಡದೆ ಕೊಯ್ಯುವುದು, ಬಿದ್ದದ್ದನ್ನು ದಿನವೂ ಆರಿಸುವುದು, ಇದಕ್ಕಿಂತ ದೊಡ್ಡ ಮದ್ದಿಲ್ಲ. ಎರಡೂ ಬೆಳೆ ಇಟ್ಟುಕೊಂಡವರು ಏನು ಮಾಡಬೇಕೆಂಬುದಕ್ಕೆ ಆಮೇಲೆ ಬರುತ್ತೇವೆ.

ಉಳಿದ ಗಿಡಗಳನ್ನು ಬೇಗ ಮುಗಿಸೋಣ. ರಾಮಫಲದ ಹೂವಿಗೂ ಇವೇ ದುಂಬಿಗಳು ಹೊಂದುತ್ತವೆ. ಮುಳ್ಳುರಾಮಫಲದ ಕಥೆ ಬೇರೆ. ಅದರ ಹೂವು ದೊಡ್ಡದು, ಎಸಳು ಚರ್ಮದಂತೆ ದಪ್ಪ. ತವರಾದ ಅಮೆರಿಕದ ಉಷ್ಣವಲಯದಲ್ಲಿ ಅದಕ್ಕೆ ಸೈಕ್ಲೋಸೆಫಾಲಾ ಎಂಬ ದಪ್ಪ ರಾತ್ರಿದುಂಬಿ ಇದೆ. ಆ ಕುಲ ನಮ್ಮ ದೇಶದ್ದಲ್ಲ. ಗೋವೆಯ, ಮುಂಬೈಯ ಹಿತ್ತಿಲಿನ ಮುಳ್ಳುರಾಮಫಲ ಮರ ತುಂಬ ಹೂ ಬಿಟ್ಟು ನಾಲ್ಕೇ ಕಾಯಿ ಕೊಡುವುದಕ್ಕೆ ಇದೇ ಮುಖ್ಯ ಕಾರಣ ಎಂಬುದು ನಮ್ಮ ಅಂದಾಜು. ಅದಕ್ಕೆ ಕುಂಚ ಹಿಡಿದು ನಾವೇ ಪರಾಗ ಮುಟ್ಟಿಸುವುದೇ ದಾರಿ. ಇದೇ ಕುಟುಂಬದ ಮನೋರಂಜಿನಿ ಇದೆಯಲ್ಲ, ಮರಾಠಿಯ ಹಿರವಾ ಚಾಫಾ, ಸಂಜೆಗೆ ಮಾಗಿದ ಹಣ್ಣಿನಂತೆ ಘಮಘಮಿಸುವುದು, ಆ ಪರಿಮಳವೂ ನಮ್ಮ ಮೂಗಿಗಾಗಿ ಹುಟ್ಟಿದ್ದಲ್ಲ. ಅದರ ಒಳಎಸಳು ಬಿಡಿಸಿ ನೋಡಿದವರಿಗೆ ಪುಟ್ಟ ದುಂಬಿಗಳು ಕಾಣಬಹುದು.

ಎಲ್ಲೆಲ್ಲಿ ಇವೆ

ಹಬ್ಬುಗೆಯ ನಕ್ಷೆ ಕೇಳುವವರಿಗೆ ನಮ್ಮ ಮೊದಲ ಎಚ್ಚರಿಕೆ: ನಕ್ಷೆಯ ಮೇಲಿನ ಚುಕ್ಕೆ ಹುಳ ಇರುವ ಜಾಗವನ್ನಲ್ಲ, ಹುಳ ಹಿಡಿದವರು ಇದ್ದ ಜಾಗವನ್ನು ತೋರಿಸುತ್ತದೆ. ಎರಡನೆಯದು: ಇವು ವ್ಯಾಪಾರದ ಜೊತೆ ಹಡಗು ಹತ್ತಿದ ಹುಳಗಳು. ಒಣ ಅಂಜೂರ, ಖರ್ಜೂರ, ಕೊಬ್ಬರಿಯ ಮೂಟೆಗಳಲ್ಲಿ ಕೂತು ಬೆಚ್ಚಗಿನ ನಾಡುಗಳನ್ನೆಲ್ಲ ಸುತ್ತಿವೆ. ಸೀತಾಫಲವೂ ಅಮೆರಿಕದ ಕಡೆಯಿಂದ ಬಂದು ದಖ್ಖನ್ನಿನ ಕಲ್ಲುಗುಡ್ಡಗಳಲ್ಲಿ ಕಾಡುಗಿಡವಾದದ್ದೇ. ಇಲ್ಲಿ ಗಿಡವೂ ವಲಸೆಯದು, ದುಂಬಿಗಳಲ್ಲೂ ಕೆಲವು ಲೋಕಸಂಚಾರಿಗಳು. ವಾಶಿಯ ಹಣ್ಣಿನ ಮಾರುಕಟ್ಟೆಯ ಕಸದ ರಾಶಿಯಲ್ಲಿ ಸಿಕ್ಕ ದುಂಬಿ ಮುಂಬೈಯ ‘ಸ್ಥಳೀಯ’ ಎಂದು ಬರೆಯುವ ಮುನ್ನ ಎರಡು ಸಲ ಯೋಚಿಸಬೇಕು.

ಪುಣೆ ಸೀಮೆಯ ಅನುಕೂಲವೆಂದರೆ ಪಡುವಣದಿಂದ ಮೂಡಣಕ್ಕೆ ನೂರೈವತ್ತು ಕಿಲೋಮೀಟರಿನೊಳಗೆ ಮಳೆ ಕಡಿಮೆಯಾಗುವ ಪರಿ. ಲೋಣಾವಳೆಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮೀರುವ ಮಳೆ, ಪುಣೆ ನಗರಕ್ಕೆ ಬಂದರೆ ಏಳುನೂರರ ಆಸುಪಾಸು, ಪುರಂದರ ಬಾರಾಮತಿಗಳಿಗೆ ಅದಕ್ಕೂ ಕಡಿಮೆ. ಘಟ್ಟದ ಅಂಚಿನಲ್ಲಿ ಸೀತಾಫಲ ವಿರಳ; ದುಂಬಿಗೆ ಅಲ್ಲಿ ಹಲಸು, ಕಾಡುಹಣ್ಣು, ಕಾಡಿನ ಸೀತಾಫಲ ಬಳಗದ ಮರಗಳೇ ಆಸರೆ. ಒಣ ಪಟ್ಟಿಯಲ್ಲಿ ಸೀತಾಫಲವೇ ರಾಜ. ಈ ಪಟ್ಟಿ ಇಲ್ಲಿಗೆ ಮುಗಿಯುವುದಿಲ್ಲ: ಬೀಡದ ಬಾಲಾಘಾಟ್ ಗುಡ್ಡ, ಸೊಲ್ಲಾಪುರ, ಅಲ್ಲಿಂದ ನಮ್ಮ ವಿಜಯಪುರ, ಕಲಬುರಗಿ, ಬೀದರದ ಕಲ್ಲುನೆಲ, ಆಚೆ ತೆಲಂಗಾಣ. ರಾಜ್ಯದ ಗಡಿ ನಮಗೆ ಇದೆ, ಸೀತಾಫಲಕ್ಕಿಲ್ಲ. ಅಕ್ಕಲಕೋಟೆಯ ಬೇಲಿಯ ಗಿಡದಲ್ಲೂ ಇಂಡಿ ತಾಲ್ಲೂಕಿನ ಬದುವಿನ ಗಿಡದಲ್ಲೂ ಎಣಿಸಿದ ಲೆಕ್ಕ ಪುಣೆಯ ಲೆಕ್ಕದ ಜೊತೆ ಸೇರಿದರೆ ಮಾತ್ರ ಚಿತ್ರ ಪೂರ್ತಿಯಾದೀತು.

ಗೋವೆಯಲ್ಲಿ ಮಳೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಸುತ್ತ. ಸೀತಾಫಲ ತೋಟದ ಬೆಳೆಯಲ್ಲ, ಹಿತ್ತಿಲ ಗಿಡ. ಆದರೆ ಮಾರ್ಚ್‌ನಿಂದ ಮೇ ತನಕ ಗೇರುಹಣ್ಣು ಬಿದ್ದು ಹುಳಿಯುತ್ತದೆ, ಫೆಣಿಗೆ ಹಿಂಡಿದ ಮೇಲಿನ ಚರಟ ಗುಡ್ಡೆಯಾಗುತ್ತದೆ. ಹೆರುವ ಮನೆಗೆ ಬರವಿಲ್ಲದ, ಉಣ್ಣುವ ಹೂವು ಕಡಿಮೆಯಿರುವ ನಾಡು ಅದು. ಪುರಂದರಕ್ಕೆ ನೇರ ತಿರುವುಮುರುವು.

ಎಣಿಸುವುದು ಹೇಗೆ

ಐದು ಗಿಡ ಆರಿಸಿ. ಪ್ರತಿ ಗಿಡದ ನಾಲ್ಕು ದಿಕ್ಕಿನಿಂದ ಒಂದೊಂದು ಹೂ, ಒಟ್ಟು ಇಪ್ಪತ್ತು. ಬೆಳಗ್ಗೆ ಎಂಟರೊಳಗೆ ಹೋಗಿ. ಜಿಪ್ ಇರುವ ಪುಟ್ಟ ಪ್ಲಾಸ್ಟಿಕ್ ಚೀಲವನ್ನು ಹೂವಿಗೆ ಕೆಳಗಿನಿಂದ ತೊಡಿಸಿ, ಬಾಯಿ ಹಿಡಿದು, ಆಮೇಲೆ ತೊಟ್ಟು ಕತ್ತರಿಸಿ. ಮೊದಲೇ ಕೊಂಬೆ ಅಲುಗಿಸಿದರೆ ಗಂಡುಸರದಿಯ ಹೂವಿನಿಂದ ದುಂಬಿ ಉದುರಿಹೋಗುತ್ತದೆ, ನಿಮ್ಮ ಲೆಕ್ಕದಲ್ಲಿ ಸೊನ್ನೆ ಬೀಳುತ್ತದೆ. ಚೀಲದ ಮೇಲೆ ಪೆನ್ಸಿಲಿನಲ್ಲಿ ಬರೆದ ಚೀಟಿ: ಊರು, ತಾರೀಖು, ಗಿಡ, ಹೂವಿನ ಸರದಿ. ಕೊನೆಯದ್ದನ್ನೇ ಹೆಚ್ಚಿನವರು ಬಿಡುತ್ತಾರೆ, ಅದಿಲ್ಲದ ಲೆಕ್ಕಕ್ಕೆ ಅರ್ಥವಿಲ್ಲ. ಮನೆಗೆ ತಂದು ಹತ್ತು ನಿಮಿಷ ಫ್ರಿಜ್ಜಿನಲ್ಲಿಡಿ, ಹುಳ ಮರಗಟ್ಟುತ್ತದೆ. ಬಿಳಿ ತಟ್ಟೆಯ ಮೇಲೆ ಎಸಳು ಬಿಡಿಸಿ ಎಣಿಸಿ.

ಗುರುತಿಸಲು ಇಟ್ಟುಕೊಳ್ಳುವುದಾದರೆ 70 ಪ್ರತಿಶತ ಆಲ್ಕೊಹಾಲ್. ಡಿಎನ್ಎ ಪರೀಕ್ಷೆಯ ಯೋಚನೆಯಿದ್ದರೆ 95. ಹೂವಿನ ಹುಳ, ಹಣ್ಣಿನ ಹುಳ ಒಂದೇ ಶೀಶೆಗೆ ಹಾಕಬೇಡಿ, ಎರಡು ಅಂಕಣ ಮತ್ತೆ ಒಂದಾಗಿಬಿಡುತ್ತವೆ. ಮಚ್ಚೆ ನೋಡಿ ಹೆಮಿಪ್ಟೆರಸ್ ಎಂದು ಬರೆಯುವ ಅವಸರವೂ ಬೇಡ. ಯುರೋಫೊರಸ್ ಹ್ಯುಮೆರಾಲಿಸ್ ಎಂಬ ಇನ್ನೊಂದಕ್ಕೂ ಹೆಗಲಲ್ಲಿ ಕೆಂಚು ಮಚ್ಚೆ ಇದೆ. ರೆಕ್ಕೆಯಾಚೆ ಹೊಟ್ಟೆಯ ಎಷ್ಟು ಪಟ್ಟಿ ಕಾಣುತ್ತದೆ ಎಣಿಸಿ: ಎರಡಾದರೆ ಕಾರ್ಪೊಫಿಲಸ್ ಕಡೆ, ಮೂರಾದರೆ ಯುರೋಫೊರಸ್. ಮಂಕು ಕಂದಿನ ಜಾತಿಗಳನ್ನು ಗಂಡಿನ ಜನನಾಂಗ ಬಿಡಿಸಿ ನೋಡದೆ ಬೇರ್ಪಡಿಸಲಾಗದು, ಅದು ಪರಿಣತರ ಕೆಲಸ. ಭಾರತೀಯ ಪ್ರಾಣಿ ಸರ್ವೇಕ್ಷಣದ ಪಶ್ಚಿಮ ಪ್ರಾದೇಶಿಕ ಕೇಂದ್ರ ನಮ್ಮ ಆಕುರ್ಡಿಯಲ್ಲೇ ಇದೆ.

ದುಂಬಿಯನ್ನು ಕರೆಯುವುದು

ಹೂವಿಗೆ ದುಂಬಿ ಸಾಲದೆಂದು ಲೆಕ್ಕ ಹೇಳಿದರೆ ಹೆರುವ ಮನೆಯನ್ನು ನಾವೇ ಕಟ್ಟಿಕೊಡಬಹುದು. ಅಗಲ ಬಾಯಿಯ ಮಣ್ಣಿನ ಕುಂಡ ಅಥವಾ ತಳದಲ್ಲಿ ತೂತಿರುವ ಹಳೆಯ ಟಬ್ಬು ತೆಗೆದುಕೊಳ್ಳಿ. ತಳಕ್ಕೆ ಒಂದು ಗೇಣು ಸಡಿಲ ಮಣ್ಣು. ಮರಿಹುಳು ಮಣ್ಣಿಗಿಳಿಯಬೇಕು ಎಂದೆವಲ್ಲ, ಬರೀ ಬಕೀಟಿನಲ್ಲಿ ಹಣ್ಣಿಟ್ಟವರಿಗೆ ಮರಿ ಸಿಗುತ್ತದೆ, ದುಂಬಿ ಸಿಗುವುದಿಲ್ಲ. ಮಣ್ಣಿನ ಮೇಲೆ ಮೂರು ನಾಲ್ಕು ಕಿಲೋ ಕೊಳೆತ ಬಾಳೆಹಣ್ಣು, ಅನಾನಸಿನ ಸಿಪ್ಪೆ. ಒಂದು ಹಿಡಿ ಬ್ರೆಡ್ಡಿನ ಹಿಟ್ಟಿಗೆ ಯೀಸ್ಟು ಕಲಸಿ ಸೇರಿಸಿದರೆ ಸೆಳೆತ ಹೆಚ್ಚು. ಮೊದಲು ಬಂದ ಗಂಡುದುಂಬಿಗಳು ಬಿಡುವ ವಾಸನೆ ಉಳಿದವನ್ನು ಕರೆಯುತ್ತದೆ; ಹುಳಿತ ವಾಸನೆ ಜೊತೆಗಿದ್ದರೆ ಆ ಕರೆ ಹಲವು ಪಟ್ಟು ಬಲವಾಗುತ್ತದೆ. ಮೇಲೆ ತಂತಿಬಲೆ ಬಿಗಿಯಿರಿ, ಇಲ್ಲದಿದ್ದರೆ ಇಲಿ, ಹೆಗ್ಗಣ, ಹಂದಿ. ಗಿಡದ ನೆರಳಲ್ಲಿಡಿ. ಮೊದಲ ಹೂವಿಗಿಂತ ಮೂರು ವಾರ ಮುಂಚೆ ಶುರುಮಾಡಿ, ವಾರಕ್ಕೊಮ್ಮೆ ಹೊಸ ಹಣ್ಣು ಸೇರಿಸಿ.

ಕೆಡುವ ಬಗೆಗಳು ಗೊತ್ತಿರಲಿ. ಏಪ್ರಿಲ್ ಬಿಸಿಲಿಗೆ ಎರಡೇ ದಿನದಲ್ಲಿ ಒಣಗಿ ಮರಿ ಸಾಯುತ್ತದೆ. ಒದ್ದೆ ಗೋಣಿ ಹೊದಿಸಿ. ಮಳೆ ನೀರು ನಿಂತರೆ ಮುಳುಗಿ ಸಾಯುತ್ತದೆ, ಅದಕ್ಕೇ ತಳದ ತೂತು. ಕೆಂಪಿರುವೆ ಹತ್ತಿದರೆ ಕುಂಡವನ್ನು ನೀರಿನ ತಟ್ಟೆಯ ನಡುವೆ ಇಟ್ಟಿಗೆಯ ಮೇಲಿಡಿ. ಎಲ್ಲಕ್ಕಿಂತ ದೊಡ್ಡ ತಪ್ಪು, ಹುಳ ಬಿದ್ದ ಪೇರಲ ಮಾವುಗಳನ್ನು ತಂದು ಸುರಿಯುವುದು. ಅದರೊಳಗೆ ಹಣ್ಣುನೊಣದ ಮರಿಗಳಿರುತ್ತವೆ, ನಿಮ್ಮ ಮಣ್ಣಿನಲ್ಲೇ ಕೋಶವಾಗಿ ನಿಮ್ಮ ಹಣ್ಣಿಗೇ ಬರುತ್ತವೆ. ಬಾಳೆ ಅನಾನಸಿನಲ್ಲಿ ಆ ಭಯ ತೀರಾ ಕಡಿಮೆ. ಕಾಯಿ ಕಟ್ಟಿ ನಿಂಬೆಗಾತ್ರವಾದ ಮೇಲೆ ಕುಂಡದ ಸರಕನ್ನು ಕಪ್ಪು ಪಾಲಿಥಿನ್ ಚೀಲದಲ್ಲಿ ಕಟ್ಟಿ ವಾರ ಬಿಸಿಲಿಗಿಟ್ಟು, ಮೊಣಕಾಲುದ್ದ ಗುಂಡಿಯಲ್ಲಿ ಮುಚ್ಚಿ. ಅಂಜೂರವೂ ಇರುವ ತೋಟದಲ್ಲಿ ಈ ಕುಂಡ ಬೇಡವೇ ಬೇಡ.

ಔಷಧದ ವಿಷಯ. ಸೀತಾಫಲದ ದೊಡ್ಡ ಶತ್ರು ಹಿಟ್ಟುತಿಗಣೆ, ಇಲ್ಲಿನವರ ಪಿಠ್ಯಾ ಢೇಕೂಣ್. ಅದಕ್ಕೆ ಹೊಡೆಯುವ ಔಷಧ ಹೂವಿನ ಕಾಲದಲ್ಲಿ ದುಂಬಿಯನ್ನೂ ಒಯ್ಯುತ್ತದೆ. ಸಂಜೆ ಹೊಡೆದರೆ ಸುರಕ್ಷಿತ ಎಂಬ ಮಾತು ಜೇನುನೊಣಕ್ಕೆ ಹೊಂದುತ್ತದೆ, ಏಕೆಂದರೆ ಅವು ಸಂಜೆ ಗೂಡಿಗೆ ಮರಳುತ್ತವೆ. ರಸದುಂಬಿಗೆ ಹೂವೇ ಗೂಡು; ಹಗಲೂ ರಾತ್ರಿಯೂ ಅಲ್ಲೇ. ಹಾಗಾಗಿ ತಿಗಣೆಯ ಕೆಲಸ ಹೂವಿಗೆ ಮೊದಲೇ ಮುಗಿಯಬೇಕು: ಸವರಿದ ಕಡ್ಡಿ ಸುಡುವುದು, ಬುಡದ ಮಣ್ಣು ಕೆದಕುವುದು, ಕಾಂಡಕ್ಕೆ ಒಂದಡಿ ಅಗಲದ ಪಾಲಿಥಿನ್ ಪಟ್ಟಿ ಸುತ್ತಿ ಗ್ರೀಸು ಸವರುವುದು. ತಿಗಣೆಯನ್ನು ಸಾಕುವ ಇರುವೆಯೂ ಅಲ್ಲೇ ನಿಲ್ಲುತ್ತದೆ. ಆಮೇಲೂ ಕಂಡರೆ ತಿಗಣೆಯನ್ನು ತಿನ್ನುವ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳ ಬಿಡಿ. 1898ರಲ್ಲೇ ನಮ್ಮ ದೇಶಕ್ಕೆ ಬಂದ ಹಳೆಯ ನಂಟ.

ಕೇಳುಗರ ಪ್ರಶ್ನೆಗಳು

*ಕೊಥ್ರೂಡಿನ ಹನ್ನೆರಡನೆಯ ಮಹಡಿಯ ಕುಂಡದಲ್ಲಿ ಗಿಡ ಇದೆ. ಅಲ್ಲಿಗೆ ದುಂಬಿ ಬರುತ್ತದೆಯೇ?*

ನೆಚ್ಚಿಕೊಳ್ಳಬೇಡಿ, ಕುಂಚ ಹಿಡಿಯಿರಿ. ಎಸಳು ಅಗಲವಾಗಿ ತೆರೆದು, ಕೇಸರಗಳು ಬಿಳಿಯಿಂದ ಕಂದಿಗೆ ತಿರುಗಿ, ಮುಟ್ಟಿದರೆ ಉದುರುವ ಹೂವನ್ನು ಕಪ್ಪು ಕಾಗದದ ಮೇಲೆ ತಟ್ಟಿ. ಬಿಳಿ ಪುಡಿ ಬಿದ್ದರೆ ಅದೇ ಪರಾಗ. ಮೂರನೆಯ ನಂಬರಿನ ಮೆತ್ತನೆಯ ಚಿತ್ರದ ಕುಂಚದಲ್ಲಿ ತೆಗೆದುಕೊಂಡು, ತುದಿಯಷ್ಟೇ ಬಿರಿದ ಹೂವಿನೊಳಗೆ ತೂರಿಸಿ, ದಿಬ್ಬದ ಸುತ್ತ ಎರಡು ಮೂರು ಸುತ್ತು ತಿರುಗಿಸಿ. ಒಂದೇ ಕಡೆ ಒತ್ತಿದರೆ ಹಣ್ಣು ಸೊಟ್ಟಗಾಗುತ್ತದೆ. ಒಂದು ಹೂವಿನ ಪುಡಿ ಮೂರು ನಾಲ್ಕು ಹೂವಿಗೆ ಬರುತ್ತದೆ. ಬೆಳಗ್ಗೆ ತಂಪಿರುವಾಗ ಮಾಡಿ. ಗಡಿಯಾರ ನಂಬಬೇಡಿ, ತಳಿಗೂ ಬಿಸಿಲಿಗೂ ತಕ್ಕಂತೆ ಹೂವಿನ ಹೊತ್ತು ಬದಲಾಗುತ್ತದೆ. ಅಂಟುರಸ ಮಿನುಗುತ್ತಿದ್ದರೆ ಮಾತ್ರ ಅದು ಸರಿಯಾದ ಹೊತ್ತು. ಕಡ್ಡಿಯ ತುದಿಯ ಹೂ ಬಿಟ್ಟು ದಪ್ಪ ಕೊಂಬೆಯ ಹೂ ಆರಿಸಿ, ಹಣ್ಣಿನ ಭಾರ ತಡೆಯಬೇಕಲ್ಲ.

*ಆ ದಿನ ಗಂಡುಸರದಿಯ ಹೂವೇ ಇಲ್ಲದಿದ್ದರೆ?*

ಹಿಂದಿನ ದಿನದ ಪರಾಗವನ್ನು ಸಣ್ಣ ಕಾಗದದ ಪೊಟ್ಟಣದಲ್ಲಿ ಕಟ್ಟಿ, ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟು ಮರುದಿನ ಬೆಳಗ್ಗೆ ಬಳಸಿ. ಅದಕ್ಕಿಂತ ಹಳೆಯದಾದರೆ ಬಿಸಾಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೆವರಿ ಮುದ್ದೆಯಾಗುತ್ತದೆ.

*ನಮ್ಮ ಸಾಸವಡದ ಜಾಗದಲ್ಲಿ ಅರ್ಧ ಅಂಜೂರ, ಅರ್ಧ ಸೀತಾಫಲ. ಹುಳವನ್ನು ಉಳಿಸುವುದೋ ಅಳಿಸುವುದೋ?*

ಸಾಲಿನ ಲೆಕ್ಕದಲ್ಲಿ ಮಾಡಿ. ಅಂಜೂರದ ಸಾಲುಗಳಲ್ಲಿ ಬಿದ್ದ ಹಣ್ಣನ್ನು ದಿನವೂ ಆರಿಸಿ, ಸೀತಾಫಲದ ಆಚೆಯ ಅಂಚಿಗೆ ಒಯ್ದು ಗುಂಡಿಯಲ್ಲಿ ಹಾಕಿ. ಅಂಜೂರದ ಕೊಯ್ಲು ನಡೆಯುವಷ್ಟು ದಿನ ಗುಂಡಿಯ ಮೇಲೆ ಮಣ್ಣು ಮುಚ್ಚುತ್ತ ಹೋಗಿ. ಕೊಯ್ಲು ಮುಗಿದ ಮೇಲೆ ಕೊನೆಯ ಗುಂಡಿಯನ್ನು ತೆರೆದೇ ಬಿಡಿ. ಜೂನ್ ಹೊತ್ತಿಗೆ ದುಂಬಿ ಹೊರಬರುತ್ತದೆ, ಆಗ ಸೀತಾಫಲದಲ್ಲಿ ಮಳೆಯ ಹೂ ಇರುತ್ತದೆ, ಅಂಜೂರದಲ್ಲಿ ಮಾಗಿದ ಹಣ್ಣು ಇನ್ನೂ ಬಂದಿರುವುದಿಲ್ಲ. ಅಂಜೂರದ ಖಟ್ಟಾ ಬಹಾರ್, ಅಂದರೆ ಮಳೆಗಾಲದ ಹುಳಿ ಹಂಗಾಮು, ಹಿಡಿಯುವವರಾದರೆ ಆ ಗುಂಡಿಯನ್ನೂ ಜುಲೈಗೆ ಮುಚ್ಚಿಬಿಡಬೇಕು.